ಹೊಳೆಗೆ ಹೆಪ್ಪು ಹಾಕಿದ ದೊಡ್ಡಪ್ಪ

ಹೊಲ ಮಾಡಿದವರಿದ್ದಾರೆ, ತೋಟ ಮಾಡಿದವರಿದ್ದಾರೆ. ಆದರೆ ಹೊಳೆಯ ನಡುವೆ ನಡುಗಡ್ಡೆ ಮಾಡಿದವನು ಮಹಾರಾಜರ ಸೀಮೆಯಲ್ಲೆಲ್ಲ ನಮ್ಮ ದೊಡ್ಡಪ್ಪ ಒಬ್ಬನೇ! ನಂಬದವರು ನಂಬಬೇಡಿ. ನಮ್ಮ ಮನೆಯವರೇ ನಂಬಿರಲಿಲ್ಲ.

ಹೊಳವನಹಳ್ಳಿಯ ಹತ್ತಿರ ಜಯಮಂಗಲಿ ಹೊಳೆಯೆಂದರೆ ಮುಕ್ಕಾಲು ಪಾಲು ಮರಳು, ಕಾಲು ಪಾಲು ನೀರು. ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಮುರಿದ ಗಾಡಿಚಕ್ರವೊಂದನ್ನು ಅದರ ನಡುವೆ ಹೂತು, ಸುತ್ತ ಜಾಲಿಮುಳ್ಳು ಒಟ್ಟಿದ. ಇದೇನು ಎಂದು ಕೇಳಿದೆ.

"ಹಾಲಿಗೆ ಹೆಪ್ಪು ಹಾಕಲ್ವಾ? ಅಂಗೇ ಕಣ್ಲಾ. ಓಡೋ ನೀರು ಮುಳ್ಳಿಗೆ ತಗಲ್ಕಂಡು ನಿಧಾನ ಆಯ್ತದೆ. ನಿಧಾನ ಆದ್ರೆ ಹೊತ್ಕಂಡಿರೋ ಮರಳ ಇಳಿಸ್ಬುಡ್ತದೆ."

ಅವನಿಗೆ ಮಕ್ಕಳಿರಲಿಲ್ಲ. ತಾನು ಹೋದ ಮೇಲೂ ಜನ ಅಲ್ಲಿ ಏಳುವ ಮರಳ ದಿಬ್ಬವನ್ನು ತನ್ನ ಹೆಸರಿನಿಂದ ಕರೆಯಬೇಕು ಎಂಬುದೊಂದೇ ಆಸೆ.

ಸೋಜಿಗವೆಂದರೆ, ಹೊಳೆ ಅವನ ಮಾತು ಕೇಳಿತು! ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ರದ ಹಿಂದೆ ಮರಳು ಕೂತಿತು. ಮರುವರ್ಷ ಮರಳಿನ ಮೇಲೆ ಮೆಕ್ಕಲುಮಣ್ಣು, ಮಣ್ಣಿನಲ್ಲಿ ಜೊಂಡು, ಲಕ್ಕಿ ಗಿಡ. ದೊಡ್ಡಪ್ಪ ಬಿದಿರುಗಳದಲ್ಲಿ ಅಳೆದು ಬಂದು, "ಇನ್ನೊಂದು ಗೇಣು ಬೆಳೆದವ್ನೆ" ಎಂದು ವರದಿ ಒಪ್ಪಿಸುತ್ತಿದ್ದ.

"ಅಷ್ಟು ಮುದ್ದಾದ್ರೆ ಉಡುದಾರ ಕಟ್ಬುಟ್ಟು ಬನ್ನಿ" ಎನ್ನುತ್ತಿದ್ದಳು ದೊಡ್ಡಮ್ಮ, ಮುದ್ದೆ ತಿರುವುತ್ತಾ.

ದಿಬ್ಬವನ್ನು ದಾಖಲೆಗೆ ಸೇರಿಸಿ ಎಂದು ಶಾನುಭೋಗರ ಬಳಿಯೂ ಹೋದ. ಅವರು ಚಕ್ಕುಬಂದಿ ಕೇಳಿದರು.

"ಬರ್ಕಳಿ ಸ್ವಾಮಿ. ಮೂಡಲಿಗೆ ನೀರು, ಪಡುವಲಿಗೆ ನೀರು, ತೆಂಕಲಿಗೆ ನೀರು, ಬಡಗಲಿಗೂ ನೀರು."

"ಮುಂದಿನ ಮಳೆಗೆ ನಿನ್ನ ಜಮೀನು ಪುರವರದ ಕಡೆ ಹೊರಟರೆ, ನಾನು ಪುಸ್ತಕ ಹಿಡ್ಕೊಂಡು ಹಿಂದೆ ಓಡಬೇಕೇನಯ್ಯಾ?" ಎಂದರು ಶಾನುಭೋಗರು. ಊರೆಲ್ಲ ನಕ್ಕಿತು. ನಾನೂ ನಕ್ಕೆ.

ಅವರ ನಾಲಗೆಯ ಮೇಲೆ ಮಚ್ಚೆ ಇತ್ತೋ ಏನೋ! ನಾಲ್ಕನೆಯ ವರ್ಷ ದೇವರಾಯನದುರ್ಗದ ಕಡೆ ಮಳೆ ಹುಯ್ದು ಹೊಳೆ ಉಕ್ಕಿ ಬಂತು. ಮೂರು ದಿನದ ಮೇಲೆ ನೀರಿಳಿದಾಗ ಚಕ್ರವೂ ಇಲ್ಲ, ಲಕ್ಕಿಯೂ ಇಲ್ಲ, ಬರೀ ಬೋಳು ಮರಳು. ದೊಡ್ಡಪ್ಪ ಬಿದಿರುಗಳವನ್ನು ಅಟ್ಟಕ್ಕೆ ಹಾಕಿಬಿಟ್ಟ. ಊಟಕ್ಕೆ ಕೂತರೆ ಎರಡು ತುತ್ತಿಗೇ ಎದ್ದುಬಿಡುತ್ತಿದ್ದ. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ದೊಡ್ಡಮ್ಮ ಒಂದು ಹೊರೆ ಲಕ್ಕಿ ಕಡ್ಡಿ ನನ್ನ ತಲೆಗೇರಿಸಿ, ಗಂಡನ ಕೈ ಹಿಡಿದು ಹೊಳೆಗೆ ಕರೆತಂದಳು. ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದದ ನೀರಿಗಿಳಿದು, ಮೊದಲನೆಯ ಕಡ್ಡಿಯನ್ನು ತಾನೇ ಮರಳಿಗೆ ಒತ್ತಿದಳು. ಆಮೇಲೆ ದಡದಲ್ಲಿ ನಿಂತೇ ಇದ್ದ ಗಂಡನತ್ತ ಕೈ ಚಾಚಿದಳು.

"ಬನ್ನಿ, ಇನ್ನೊಂದು ಕೊಡಿ. ಈ ಕಿತ ಹೆಣ್ಣಾಗ್ಲಿ."