ಪಿಕಳಾರದ ಚಪ್ಪರ

ಮದುವೆಯಾಗದ ಗಂಡಸು ಮನೆಯ ಮುಂದೆ ಚಪ್ಪರವನ್ನು ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚಿಗೆ ನಿಲ್ಲಿಸಿಕೊಳ್ಳಬಾರದು. ಇದನ್ನು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಿರಿಯರಾದವರು ಹೇಳಿಕೊಡಬೇಕಿತ್ತು, ಆದರೆ ನನ್ನ ವಿಷಯದಲ್ಲಿ ಹಿರಿಯರೆಲ್ಲ ಎದುರು ಪಕ್ಷದಲ್ಲಿದ್ದರು. ಹಾಗಾಗಿ ನಾನೇ ಅನುಭವಿಸಿ ಕಲಿತದ್ದನ್ನು ನಿಮ್ಮ ಕಿವಿಯಲ್ಲಿ ಹಾಕುತ್ತಿದ್ದೇನೆ. ನೀವು ಮದುವೆಯಾದವರಾದರೆ ನಕ್ಕು ಸುಮ್ಮನಾಗಿ. ಆಗದವರಾದರೆ ಈ ಓದನ್ನು ಇಲ್ಲಿಗೇ ನಿಲ್ಲಿಸಿ, ಅಂಗಳದಲ್ಲಿ ಬೊಂಬು ಏನಾದರೂ ನೆಟ್ಟಿದೆಯೋ ಒಮ್ಮೆ ನೋಡಿಕೊಂಡು ಬನ್ನಿ.

ನಮ್ಮೂರು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಒಂದು ಬಂಡೆಬೆಟ್ಟದ ಬುಡದಲ್ಲಿದೆ. ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ವಾರವೆಲ್ಲ ಮಕ್ಕಳಿಗೆ ಬೀಜಗಣಿತ ಹೇಳಿ, ಭಾನುವಾರ ಬೆಳಗಾಗುತ್ತಲೇ ಬೆಟ್ಟ ಹತ್ತಿ ಹಕ್ಕಿ ನೋಡುವುದು ನನ್ನ ಚಟ. ಬೇರೆಯವರಿಗೆ ಇಸ್ಪೀಟು, ಬೀಡಿ, ನನಗೆ ಇದು. ನಮ್ಮ ಬೆಟ್ಟದಲ್ಲಿ ಮರ ಕಡಿಮೆ, ಬಂಡೆ ಜಾಸ್ತಿ, ಆದರೆ ಹಕ್ಕಿಗೆ ಬರವಿಲ್ಲ. ನೆತ್ತಿಯಲ್ಲಿ ರಣಹದ್ದು ರೆಕ್ಕೆ ಅಲ್ಲಾಡಿಸದೆ ಸುತ್ತುತ್ತಿರುತ್ತದೆ. ಕೆಳಗೆ ಪೊದೆಯಲ್ಲಿ ಹರಟೆಮಲ್ಲಗಳು ಏಳೆಂಟು ಗುಂಪುಗೂಡಿ ತರಗೆಲೆ ಕೆದಕುತ್ತಾ, ಒಂದು ಬಾಯಿ ತೆರೆದರೆ ಉಳಿದವೂ ತೆರೆದು, ಊರ ಅರಳಿಕಟ್ಟೆಯನ್ನೇ ಎತ್ತಿ ತಂದು ಅಲ್ಲಿಟ್ಟಂತೆ ಗಲಾಟೆ ಮಾಡುತ್ತವೆ. ಕಾಜಾಣವಂತೂ ಗೇಣುದ್ದದ ಹಕ್ಕಿ, ತನಗಿಂತ ಎಷ್ಟೋ ದೊಡ್ಡ ಹದ್ದಿನ ಬೆನ್ನಟ್ಟಿ ಕುಕ್ಕಿ ಓಡಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಬಂದು ಎಮ್ಮೆಯ ಬೆನ್ನ ಮೇಲೆ ಕೂರುತ್ತದೆ. ಟಿಟ್ಟಿಭ ಗೂಡೇ ಕಟ್ಟದೆ ಬರೀ ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಯಿಟ್ಟು, ನೀವು ಅತ್ತ ಕಾಲಿಟ್ಟರೆ ಊರಿಗೆಲ್ಲ ಕೇಳುವ ಹಾಗೆ ಬಯ್ಯುತ್ತದೆ. ಇದನ್ನೆಲ್ಲ ನೋಡಿ ಬಂದು ನಾನು ಊಟಕ್ಕೆ ಕೂತಾಗ ಹೇಳಿದರೆ ಅಪ್ಪ ಮುದ್ದೆ ಮುರಿಯುತ್ತಾ ಹೂಂಗುಟ್ಟುತ್ತಿದ್ದರು. ಅವ್ವ ಮಾತ್ರ, ಬೆಟ್ಟದಲ್ಲಿ ಹೆಣ್ಣಿರುವ ಮನೆ ಯಾವುದಾದರೂ ಕಂಡಿತಾ ಎಂದು ಕೇಳುತ್ತಿದ್ದಳು.

ನನಗಾಗ ವಯಸ್ಸು ಮೂವತ್ತು ದಾಟಿತ್ತು. ಹೆಣ್ಣಿನ ಮಾತೆತ್ತಿದಾಗಲೆಲ್ಲ "ಮೊದಲು ತಂಗೀದು ಆಗ್ಲಿ" ಎಂಬ ಒಂದೇ ಗುರಾಣಿ ಹಿಡಿದು ಎಷ್ಟೋ ವರ್ಷ ತಳ್ಳಿದ್ದೆ. ಆ ಬೇಸಿಗೆಯಲ್ಲಿ ತಂಗಿ ಜಯಳ ಮದುವೆ ಆಗಿಯೇ ಹೋಯಿತು. ಪಕ್ಕದ ಮನೆಯ ಪುಟ್ಟಮಾದಣ್ಣನ ಬೊಂಬುಗಳನ್ನು ಕಡ ತಂದು, ತೆಂಗಿನ ಗರಿ, ಹೊಂಗೆಸೊಪ್ಪು ಹೊದಿಸಿ, ಅಂಗಳದ ತುಂಬ ಚಪ್ಪರ ಹಾಕಿದ್ದೆವು. ಮದುವೆ ಮುಗಿದ ಮೇಲೆ ಚಪ್ಪರ ಕೀಳುವುದಕ್ಕೂ ಒಳ್ಳೆಯ ದಿನ ಬೇಕೆಂದು ಅಪ್ಪ ಪಂಚಾಂಗ ನೋಡುತ್ತಾ ಕೂತರು. ಅಷ್ಟರಲ್ಲಿ ಬಂದವು ನೋಡಿ ಆ ಎರಡು ಪಿಕಳಾರ! ತಲೆಯ ಮೇಲೆ ಕರೀ ಜುಟ್ಟು, ಕೆನ್ನೆಯಲ್ಲಿ ಕುಂಕುಮ ಮೆತ್ತಿದಂಥ ಕೆಂಪು ಮಚ್ಚೆ, ಬಾಲದ ಬುಡದಲ್ಲೂ ಅದೇ ಕೆಂಪು. ಮದುವೆ ಮನೆಗೆ ತಡವಾಗಿ ಬಂದ ನೆಂಟರಂತೆ ಬಂದು, ಒಣಗಿದ ಹೊಂಗೆಸೊಪ್ಪಿನ ಮೂಲೆಯೊಂದನ್ನು ಆರಿಸಿಕೊಂಡು, ನಾರು, ಒಣಹುಲ್ಲು, ಜಯಳ ಮುಡಿಯಿಂದ ಉದುರಿದ ಬಾಳೆಪಟ್ಟೆಯ ಎಳೆ, ಎಲ್ಲವನ್ನೂ ಹೊತ್ತು ತಂದು ಬಟ್ಟಲಿನಂಥ ಗೂಡು ಕಟ್ಟಿಬಿಟ್ಟವು. ಹೊಸ ಜೋಡಿಯನ್ನು ಕರೆದುಕೊಂಡು ನಾವೆಲ್ಲ ದೊಡ್ಡಮಳೂರಿಗೆ ಹೋಗಿ, ಮಕ್ಕಳಾಗಲೆಂದು ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತು ಬರುವಷ್ಟರಲ್ಲಿ ಇವು ಯಾವ ಹರಕೆಯೂ ಇಲ್ಲದೆ ಮೂರು ಮೊಟ್ಟೆ ಇಟ್ಟಿದ್ದವು. ಸ್ಟೂಲಿನ ಮೇಲೆ ನಿಂತು ಕನ್ನಡಿ ಹಿಡಿದು ಅದರಲ್ಲಿ ಆ ಮೊಟ್ಟೆಗಳನ್ನು ಕಂಡ ಗಳಿಗೆ ನನಗಾದ ಸಂತೋಷ ಹೇಳತೀರದು. ಬೆಟ್ಟವೆಲ್ಲ ಅಲೆದು ದೂರದಿಂದ ನೋಡುತ್ತಿದ್ದುದು ಈಗ ನನ್ನ ಜಗಲಿಗೇ ಬಂದಿತ್ತು, ಅದೂ ಬೇಸಿಗೆ ರಜದಲ್ಲಿ!

ಅಪ್ಪನಿಗೆ ದಿನ ಸಿಕ್ಕಿತು, ನಾನು ಅಡ್ಡ ನಿಂತೆ. ಮರಿ ಹಾರುವ ತನಕ ಒಂದು ಗರಿಯನ್ನೂ ಮುಟ್ಟುವಂತಿಲ್ಲ ಎಂದೆ. ಪುಟ್ಟಮಾದಣ್ಣ ತನ್ನ ಬೊಂಬು ಕೇಳಲು ಬಂದವನು, ಹಕ್ಕಿಗೋಸ್ಕರ ಚಪ್ಪರ ಬಿಟ್ಟಿದ್ದೇವೆಂದರೆ ನಂಬದೆ ನನ್ನ ಮುಖವನ್ನೇ ನೋಡಿ, ನಕ್ಕು ಹೋದ. ನನಗೆ ಆಶ್ಚರ್ಯ ತಂದದ್ದು ಅವ್ವನ ನಡೆ. ಹರಡಿದ ರಾಗಿಗೆ ಒಂದು ಗುಬ್ಬಿ ಬಂದರೂ ಕೋಲು ತೆಗೆದುಕೊಂಡು ಏಳುತ್ತಿದ್ದವಳು, "ಬಾಣಂತಿ ಇರೋ ಮನೆ ಕಿತ್ತಾಕ್ಬಾರ್ದು, ಇರ್ಲಿ ಬುಡಿ" ಎಂದು ಅಪ್ಪನ ಬಾಯಿ ಮುಚ್ಚಿಸಿದಳು. ಗೂಡಿನ ಕೆಳಗೆ ಕಸ ಗುಡಿಸುವಾಗ ಪೊರಕೆಯ ಸದ್ದೂ ಮಾಡುತ್ತಿರಲಿಲ್ಲ. ನನ್ನ ಇಷ್ಟು ವರ್ಷದ ಭಾಷಣ ಕೊನೆಗೂ ಒಬ್ಬರ ಕಿವಿಗೆ ಬಿತ್ತಲ್ಲ ಎಂದು ನನ್ನ ಕಣ್ಣು ತುಂಬಿತು. ಅವ್ವನಿಗೆ ಮೊಟ್ಟೆಯ ಮೇಲಿನ ಚುಕ್ಕೆಗಳನ್ನೂ ಕನ್ನಡಿಯಲ್ಲಿ ತೋರಿಸಿದೆ.

ಅವ್ವ ಊರಲ್ಲಿ ಏನು ಹೇಳಿಕೊಂಡು ಬಂದಿದ್ದಾಳೆಂದು ತಿಳಿದದ್ದು ವಾರದ ಮೇಲೆ. ನಮ್ಮ ಕಡೆ ಮದುವೆಯಾದ ಮನೆಯ ಚಪ್ಪರ ಕೀಳದೆ ಬಿಟ್ಟರೆ ಅದಕ್ಕೆ ಒಂದೇ ಅರ್ಥ, ಅದರಡಿ ಇನ್ನೊಂದು ಮದುವೆ ಇದೆ. ಅವ್ವ ಅದನ್ನೇ ಮನೆಮನೆಗೂ ಮುಟ್ಟಿಸಿದ್ದಳು. ದಾರಿಯಲ್ಲಿ ಹೋಗುವವರೆಲ್ಲ ನನ್ನನ್ನು ನೋಡಿ ಯಾವ ಊರ ಹೆಣ್ಣು ಎಂದು ಕೇಳತೊಡಗಿದರು. ಹೆಣ್ಣಲ್ಲ, ಪಿಕಳಾರ ಎಂದು ನಾನು ಹೇಳಿದಷ್ಟೂ, ಮೇಷ್ಟ್ರು ನಾಚಿಕೊಳ್ಳುತ್ತಿದ್ದಾರೆ ಎಂದು ಸುದ್ದಿಯಾಯಿತು. ಕೊನೆಗೆ ಮರಳವಾಡಿಯಿಂದ ನನ್ನ ಸೋದರಮಾವನೇ ಬಂದಿಳಿದ. ಕೆಂಪಾಪುರದ ಕಡೆಯ ಒಂದು ಒಳ್ಳೇ ಮನೆತನವಿದೆ, ಹುಡುಗಿ ಎಸೆಸೆಲ್ಸಿ ಪಾಸಾಗಿದ್ದಾಳೆ, ಹೆಣ್ಣಿನ ಕಡೆಯವರು ಮನೆ ನೋಡಲು ಭಾನುವಾರ ಬರುತ್ತಾರೆ ಎಂದ. ನಾನು ಅವ್ವನ ಕಡೆ ತಿರುಗಿದೆ. ಅವ್ವ ಬಹಳ ಮುತುವರ್ಜಿಯಿಂದ ಗೂಡನ್ನೇ ನೋಡುತ್ತಿದ್ದಳು.

ಬೇಡ ಎನ್ನಲು ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಆದರೆ ಆ ಭಾನುವಾರ ಮರಿಗಳು ಮೊಟ್ಟೆಯೊಡೆದು ನಾಲ್ಕೈದು ದಿನವಾಗಿತ್ತು. ಪುಕ್ಕವಿಲ್ಲದ ಕೆಂಪು ಮೈ, ಮೈಗಿಂತ ದೊಡ್ಡ ಬಾಯಿ. ನೆಂಟರು ಬಂದು, ಹೊರಗೆ ಮೆಟ್ಟು ಬಿಟ್ಟು, ಸರಿಯಾಗಿ ಗೂಡಿನ ಕೆಳಗೇ ಚಾಪೆಯ ಮೇಲೆ ಕೂತರು. ಹುಡುಗಿಯ ತಂದೆ, ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ, ಜೊತೆಗೆ ನಮ್ಮ ಮಾವ. ತಾಯಿ ಪಿಕಳಾರ ಕಂಬಳಿಹುಳು ಕಚ್ಚಿಕೊಂಡು ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತು, ಇವರು ಏಳುವುದನ್ನೇ ಕಾಯುತ್ತಿತ್ತು. ನನ್ನ ಕಣ್ಣು ಆ ತಂತಿಯ ಮೇಲೇ. ಹುಡುಗಿಯ ತಂದೆ ಎಷ್ಟನೇ ಕ್ಲಾಸಿಗೆ ಪಾಠ ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಅರ್ಧ ಗಂಟೆಯಿಂದ ಹಸಿದಿವೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಮಾವನ ಮುಖ ನೋಡಿದರು.

ಆಗ ಬಂತು ಕೆಂಬೂತ. ಕಾಗೆಯ ಗಾತ್ರ, ಕಡು ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಬೇಲಿಯಿಂದಿಳಿದು, ಸಾಲ ವಸೂಲಿಗೆ ಬಂದ ಸಾಹುಕಾರನ ಹಾಗೆ ನಿಧಾನವಾಗಿ ಅಂಗಳದಲ್ಲಿ ಹೆಜ್ಜೆ ಹಾಕಿತು. ನಮ್ಮ ಜನ ಅದನ್ನು ರತ್ನಪಕ್ಷಿ ಎನ್ನುತ್ತಾರೆ, ಕಂಡರೆ ಶುಭ ಎಂದು ಕೈಮುಗಿಯುತ್ತಾರೆ. ಸಂಬಂಧದ ಮಾತಿನ ಹೊತ್ತಿಗೇ ತಾನಾಗಿ ಅಂಗಳಕ್ಕೆ ಬಂದಿತೆಂದರೆ ಕೇಳಬೇಕೆ? ಮಾವ ಹಿಗ್ಗಿ ಎದ್ದು ನಿಂತ. ಹುಡುಗಿಯ ತಂದೆ ಕೈಮುಗಿದರು, ಅವ್ವ ಕಣ್ಣಿಗೊತ್ತಿಕೊಂಡಳು, ಅಪ್ಪ ಕೂಡ ಬೀಡಿ ಆರಿಸಿದರು. ನನಗೆ ಗೊತ್ತಿದ್ದುದು ಬೇರೆ. ಈ ಶುಭಪಕ್ಷಿಗೆ ಪಿಕಳಾರದ ಮರಿಯೆಂದರೆ ಒಬ್ಬಟ್ಟು. ಅದು ಒಂದೊಂದೇ ಬೊಂಬು ಹಿಡಿದು ಮೇಲೇರಿ ಮೂಲೆಯ ಕಡೆ ಕತ್ತು ಚಾಚಿತು. ನಾನು ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಿ ಎಸೆದೆ. ಕೆಂಬೂತ ಬೇಲಿ ದಾಟಿ ಹೋಯಿತು. ಎಸೆದದ್ದು ಕೊಟ್ಟಿಗೆಯ ಹೆಂಚಿನ ಮೇಲೆ ಹೋಗಿ ಕೂತಿತು.

"ಅದು ನನ್ ಮೆಟ್ಟು" ಎಂದರು ಹುಡುಗಿಯ ತಂದೆ, ಬಹಳ ಮೆಲ್ಲಗೆ.

ಬಂದ ಶುಭವನ್ನು ಭಾವೀ ಮಾವನ ಚಪ್ಪಲಿಯಲ್ಲೇ ಹೊಡೆದು ಓಡಿಸಿದ ವರ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹಿಂದೆಂದೂ ಇದ್ದಿರಲಾರ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಂಬಂಧ ಮುರಿಯಿತು ಎಂದು ನನಗೆ ಒಳಗೊಳಗೇ ಹಗುರವೆನಿಸಿದ್ದು ನಿಜ. ಅವರೂ ಎದ್ದು ಹೊರಟೇ ಬಿಡುತ್ತಿದ್ದರು, ಆದರೆ ಒಂದೇ ಕಾಲಿನ ಮೆಟ್ಟಿನಲ್ಲಿ ಹೋಗುವುದು ಹೇಗೆ? ಹೆಂಚಿನ ಮೇಲಿಂದ ತೆಗೆಯಲು ಉದ್ದನೆಯ ಬೊಂಬು ಬೇಕು. ಇದ್ದಬದ್ದ ಬೊಂಬೆಲ್ಲ ಚಪ್ಪರದಲ್ಲಿತ್ತು. ಮಾವ ಒಂದನ್ನು ಎಳೆಯಲು ಹೋದ, ನಾನು ಹೋಗಿ ಕಂಬ ತಬ್ಬಿಕೊಂಡೆ. ಅಪ್ಪ ಪುಟ್ಟಮಾದಣ್ಣನ ಮನೆಗೆ ಏಣಿ ತರಲು ಹೋದರು. ಅವನೋ ಬೊಂಬಿನ ಸಿಟ್ಟಿಗೆ ಏಣಿಯನ್ನು ಬಹಳ ಹೊತ್ತು ಹುಡುಕಿದ.

ಆ ಹೊತ್ತಿನಲ್ಲಿ ಅಜ್ಜಿ ನನ್ನನ್ನು ಹತ್ತಿರ ಕರೆದರು. "ಯಾಕಪ್ಪಾ, ದೇವ್ರಂತ ಹಕ್ಕಿಗೆ ಹಂಗ್ಯಾಕ್ ಎಸ್ದೆ?" ಎಂದರು. ಅಷ್ಟು ಕೇಳುವವರೇ ಇಲ್ಲದೆ ನಾನು ಇಷ್ಟು ವರ್ಷ ಕಾದಿದ್ದೆ. ಸ್ಟೂಲು ತಂದೆ, ಕನ್ನಡಿ ತಂದೆ, ಅಜ್ಜಿಗೆ ಮೂರು ಬಾಯಿ ತೋರಿಸಿದೆ. ಕೆಂಬೂತ ಏನು ಮಾಡುತ್ತದೆಂದು ಹೇಳಿದೆ. ಪಿಕಳಾರದಲ್ಲಿ ಹೆಣ್ಣೊಂದೇ ದುಡಿಯುವುದಿಲ್ಲ ಅಜ್ಜಿ, ಗಂಡೂ ಸಮಸಮವಾಗಿ ಹುಳು ತಂದು ಗುಟುಕು ಕೊಡುತ್ತದೆ, ಮರಿಗಳ ಹಿಕ್ಕೆಯನ್ನೂ ಕೊಕ್ಕಿನಲ್ಲಿ ಎತ್ತಿ ದೂರ ಬಿಸಾಕಿ ಬರುತ್ತದೆ, ಗಂಡು ಅಂದರೆ ಹಾಗಿರಬೇಕು ಎಂದು ಕೈ ಬೀಸಿ ಬೀಸಿ ಹೇಳಿದೆ. ಏಣಿ ಬರುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಅಜ್ಜಿ ಮಗನ ಕಡೆ ತಿರುಗಿ, "ಇವ್ನು ಶಕುನ ನೋಡ್ಲಿಲ್ಲ ಕಣ್ಲಾ, ಮರಿ ನೋಡ್ದ. ನಮ್ ಕೂಸ್ನ ಇಲ್ಗೇ ಕೊಡಾನ" ಎಂದರು.

ಇನ್ನೂ ನಾನು ಬೇಡ ಎನ್ನಬಹುದಿತ್ತು. ಹೆಣ್ಣು ನೋಡಲು ಕೆಂಪಾಪುರದ ಕಡೆಗೆ ಹೋದಾಗ ಹೇಳಿಬಿಡೋಣ ಎಂದೇ ಹೋದೆ. ಸಾವಿತ್ರಿ, ಅದೇ ಆ ಹುಡುಗಿ, ಕಾಫಿ ಕೊಡಲು ಬಗ್ಗಿದವಳು ಯಾರಿಗೂ ಕೇಳದ ಹಾಗೆ "ಮರಿ ಹಾರಿದ್ವಾ?" ಎಂದಳು. ಆ ದಿನ ಬೆಳಗ್ಗೆಯೇ ಹಾರಿದ್ದವು. ಮೂರೂ ಒಂದರ ಹಿಂದೊಂದು ಬೇಲಿಯವರೆಗೆ ತೂರಾಡಿಕೊಂಡು ಹೋಗಿದ್ದವು. ಅದನ್ನು ಹೇಳಲು ಇಡೀ ಪ್ರಪಂಚದಲ್ಲಿ ಒಬ್ಬರಾದರೂ ಕೇಳಲಿ ಎಂದು ನಾನು ಬಸ್ಸಿನುದ್ದಕ್ಕೂ ಚಡಪಡಿಸಿದ್ದೆ. ನನಗೆ ತುಂಬ ಇಷ್ಟವಾಗಿಬಿಟ್ಟಳು. ಆಷಾಢಕ್ಕೆ ಮುಂಚೆ ಮದುವೆಯಾಯಿತು, ಅದೇ ಚಪ್ಪರ, ಮೇಲಿನ ಸೊಪ್ಪು ಮಾತ್ರ ಹೊಸದು. ಪುಟ್ಟಮಾದಣ್ಣ ಬೊಂಬಿನ ಆಸೆ ಬಿಟ್ಟು ಊಟಕ್ಕೆ ಕೂತ.

ಈಗ ನಮಗೆ ಅವಳಿ ಮಕ್ಕಳು. ಅಜ್ಜಿ ಅಂದು ಜಗಲಿಯಲ್ಲಿ ಕೇಳಿಸಿಕೊಂಡ ಒಂದಕ್ಷರವನ್ನೂ ಬಿಡದೆ ಮೊಮ್ಮಗಳಿಗೆ ಒಪ್ಪಿಸಿದ್ದರೆಂದು ನನಗೆ ಗೊತ್ತಾದದ್ದು ಬಾಣಂತನ ಮುಗಿದು ಸಾವಿತ್ರಿ ಮನೆಗೆ ಬಂದ ಮೇಲೆ. ಒಂದು ಮಗುವಿಗೆ ಅವಳು ರಾಗಿಸರಿ ತಿನ್ನಿಸಿದರೆ ಇನ್ನೊಂದಕ್ಕೆ ನಾನು. ಹೊಲಸಾದ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ ನನ್ನ ಮುಂದಿಟ್ಟು, ನಗುನಗುತ್ತಲೇ, "ಗಂಡು ಅಂದ್ರೆ ಹಂಗಿರ್ಬೇಕು ಅಂದಿದ್ರಂತೆ, ಎಷ್ಟ್ ಚೆನ್ನಾಗಿ ಹೇಳಿದ್ರಿ" ಎನ್ನುತ್ತಾಳೆ. ನಾನು ಬಕೆಟ್ಟು ಹಿಡಿದು ಬಾವಿಕಟ್ಟೆಗೆ ನಡೆಯುತ್ತೇನೆ. ಬಟ್ಟೆ ಜಾಲಿಸುತ್ತಾ ತಲೆಯೆತ್ತಿದರೆ ಎದುರಿನ ಬಂಡೆಯ ಮೇಲೆ ನವಿಲೊಂದು ಗರಿ ಬಿಚ್ಚಿ ನಿಂತಿರುತ್ತದೆ. ಗಂಡು ನವಿಲು ಕುಣಿದು ಹೋಗುತ್ತದಷ್ಟೆ, ಆಮೇಲೆ ಮೊಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮ ಬೆಟ್ಟದ ತುಂಬ ನವಿಲುಗಳೇ. ಅಂದು ಅಜ್ಜಿಗೆ ಅದರ ವಿಷಯ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.