ಬಿಸ್ಕತ್ತಿನ ಡಬ್ಬಿಗೆ ವಧುವಿನ ತಾಯಿಯ ಅಹವಾಲು

ಮಾನ್ಯ ಬಿಸ್ಕತ್ತಿನ ಡಬ್ಬಿಯವರೇ,

ನಮ್ಮ ಮನೆಯ ಕಪಾಟಿನಲ್ಲಿ ಬಹುಕಾಲ ಸೂಜಿ, ದಾರ, ಗುಂಡಿಗಳನ್ನು ಕಾಯ್ದು, ಈಗ ಕಲಾಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ವಿರಾಜಮಾನರಾಗಿರುವ ತಮಗೆ ಹಳೆಯ ಒಡತಿಯ ನಮಸ್ಕಾರಗಳು. ತಾವು ಇಷ್ಟು ಮೇಲೆ ಬಂದದ್ದು ನನಗೆ ಹೆಮ್ಮೆಯೇ. ಮುಚ್ಚಳದ ತುಕ್ಕನ್ನು ಯಾರೂ ಒರೆಸಿಲ್ಲ ಎಂಬುದಷ್ಟೇ ಬೇಸರ.

ಪ್ರಯೋಗಶೀಲ ಛಾಯಾಗ್ರಾಹಕನಾದ ನನ್ನ ಮೈದುನ, ನನ್ನ ಮಗಳ ಮದುವೆಯ ಫೋಟೋ ತಾನೇ ತೆಗೆಯುತ್ತೇನೆಂದಾಗ ಹಿರಿಹಿರಿ ಹಿಗ್ಗಿದವಳು ನಾನು. ಬೇರೆ ಕ್ಯಾಮೆರಾ ಇದ್ದರೆ ಪ್ರಯೋಗ ಕೆಡುತ್ತದೆಂದು ಅವನು ಬಂದವರ ಮೊಬೈಲುಗಳನ್ನೆಲ್ಲ ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿದ. ಬಳಿಕ ತಮ್ಮ ಹೊಟ್ಟೆಗೆ ಸೂಜಿಮೊನೆಯಷ್ಟು ತೂತು ಕೊರೆದು, ಒಳಗೆ ಫೋಟೋ ಕಾಗದ ಅಂಟಿಸಿ, ಸಭಾಂಗಣದ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ. ಆ ತೂತಿನ ಕಣ್ಣನ್ನು ಗಂಟೆಗಟ್ಟಲೆ ಮುಚ್ಚದೆ, ಇಡೀ ಮದುವೆಯನ್ನು ತಾವು ಒಂದೇ ಚಿತ್ರದಲ್ಲಿ ನೋಡಿದಿರಿ. ಅಲುಗಾಡುವವರು ತಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಹೇಳಲು ಮಾತ್ರ ಅವನು ಮರೆತಿದ್ದ.

ತಮ್ಮ ಕೃತಿ ಅದ್ಭುತ. ಕಂಬಗಳು ಬಂದಿವೆ, ಕುರ್ಚಿಗಳು ಬಂದಿವೆ. ವಧುವಿದ್ದ ಜಾಗದಲ್ಲಿ ಒಲೆಯ ಹೊಗೆಯಂಥದ್ದೇನೋ ಇದೆ, ವರನಿದ್ದಲ್ಲಿ ಅದೂ ಇಲ್ಲ. ಮೀಸೆ ಸಮೇತ ಸ್ಪಷ್ಟವಾಗಿ ಮೂಡಿರುವವನು ಒಬ್ಬನೇ: ನನ್ನೊಡನೆ ಜಗಳವಾಡಿ, ಈ ಮದುವೆಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದ್ದ ನನ್ನ ಅಣ್ಣ. ಯಾರಿಗೂ ಹೇಳದೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಬಾಯಿ ತೆರೆದುಕೊಂಡು ನಿದ್ದೆ ಹೊಡೆದಿದ್ದಾನೆ. ಅವನು ಬಂದಿದ್ದನೆಂಬುದೇ ನನಗೆ ತಮ್ಮಿಂದ ತಿಳಿದದ್ದು.

ಚಿತ್ರದ ಪಕ್ಕ ‘ಗೈರುಹಾಜರಿಯ ಸೌಂದರ್ಯ’ ಎಂದು ಬರೆದಿದ್ದಾರೆ. ಇದು ಛಾಯಾಚಿತ್ರಕಲೆಯ ಎಲ್ಲೆಗಳನ್ನು ಮೀರಿದೆ ಎಂದು ವಿಮರ್ಶಕರೊಬ್ಬರು ಹೊಗಳಿದಾಗ, ನನ್ನ ಸಹನೆಯ ಎಲ್ಲೆಯನ್ನೂ ಮೀರಿದೆ ಎಂದು ಸೇರಿಸಿದೆ. ಮಗಳ ಮುಖವೆಲ್ಲಿ ಎಂದು ಕೇಳಿದರೆ ಮೈದುನ, “ಮುಖ ಯಾಕೆ ಹುಡುಕ್ತೀರಿ ಅತ್ತಿಗೆ, ಸರಿದುಹೋದ ಸಮಯ ನೋಡಿ” ಎನ್ನುತ್ತಾನೆ. ನನಗೆ ಬೇಕಿರುವುದು ಗೋಡೆಗೆ ಹಾಕಲು, ಮದುಮಗಳಾಗಿ ನಿಂತ ಮಗಳದೊಂದು ಮುಖ.

ಆದ್ದರಿಂದ ತಾವು ಬರುವ ಭಾನುವಾರ ಗಾಜಿನ ಪೆಟ್ಟಿಗೆಯಿಂದಿಳಿದು ನಮ್ಮ ಮನೆಗೆ ದಯಮಾಡಿಸಬೇಕು. ಬರುವಾಗ ಸೂರ್ಯನಿಗೂ ಒಂದು ಮಾತು ಹೇಳಿ, ಮೋಡಗಳನ್ನು ದೂರವಿರಿಸಿ, ಅಳಿಯನ ಕಾಲು ಕುಣಿಸುವ ಚಟವನ್ನು ಬಿಡಿಸಬೇಕು. ಮದುವೆಯ ಉಡುಪಿನಲ್ಲಿ ಒಂದಿಡೀ ಗಂಟೆ ಅಲುಗಾಡದೆ ನನ್ನ ಪಕ್ಕ ಕೂರಲು ಮಗಳು ಒಪ್ಪಿದ್ದಾಳೆ. ಮದುವೆಯ ದಿನ ಅವಳ ಬಳಿ ಒಂದು ಗಳಿಗೆ ಕೂರಲೂ ನನಗೆ ಪುರುಸೊತ್ತಾಗಲಿಲ್ಲ. ಅವಳ ಪಕ್ಕ ನನ್ನನ್ನು ತೋರಿಸದ ಮಟ್ಟಿಗೆ ತಮ್ಮ ಚಿತ್ರ ಸುಳ್ಳು ಹೇಳಿಲ್ಲ. ಈ ಸಲ ನಿಧಾನವಾಗಿಯೇ ನೋಡಿ. ಎರಡು ಗಂಟೆಯಾದರೂ ನನ್ನ ಆಕ್ಷೇಪಣೆಯಿಲ್ಲ.

ತಮ್ಮ ವಿಶ್ವಾಸಿ,
ಚಿತ್ರದಲ್ಲಿಲ್ಲದ ವಧುವಿನ, ಚಿತ್ರದಲ್ಲಿಲ್ಲದ ತಾಯಿ

ತಾ.ಕ.: ಅಣ್ಣನನ್ನು ಕರೆದಿಲ್ಲ, ಕರೆದರೆ ಬರುವ ಆಸಾಮಿಯಲ್ಲ ಅವನು. ನಮ್ಮ ಹಿಂದೆ ಒಂದು ಕುರ್ಚಿ ಹಾಕಿಸಿದ್ದೇನೆ, ದಿಂಬಿನ ಸಮೇತ.