ಚಂದ್ರಮೋಹನನ ಎಡ ಎದೆ

ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗ ಚಂದ್ರಮೋಹನನ ಕಣ್ಣಿಗೆ ಅದು ಬಿತ್ತು. ಎಡ ಮೊಲೆತೊಟ್ಟಿನ ಪಕ್ಕದಲ್ಲಿ ಚರ್ಮ ಕೆಂಪಾಗಿ, ಒರಟಾಗಿ, ಪುಟ್ಟದೊಂದು ಕೋಡುಬಳೆ ಅಂಟಿಕೊಂಡಂತೆ ಉಬ್ಬಿತ್ತು.

ಬೇರೆಯವರಾಗಿದ್ದರೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಚಂದ್ರಮೋಹನ ಪತ್ರಿಕೆ ಓದುವವನು. ಮೊಲೆಯ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ, ಚರ್ಮದಲ್ಲಿ ಏನೇ ಬದಲಾವಣೆ ಕಂಡರೂ ತೋರಿಸಬೇಕು ಎಂದು ಕಳೆದ ಭಾನುವಾರವಷ್ಟೇ ಓದಿದ್ದ. ತಿಂಡಿಗೆ ಕೂತವನು ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿದ. ಹೆಂಡತಿ ದೇವಕಿ ಕೇಳಿದ್ದಕ್ಕೆ, "ಏನಿಲ್ಲ, ಉಪ್ಪು ಜಾಸ್ತಿ" ಅಂದು ಬೈಸಿಕೊಂಡ.

ದಿಲ್ಲಿಯ ಸೆಕ್ರೆಟೇರಿಯಟ್ಟಿನ ತನ್ನ ಆಫೀಸಿಗೆ ಬಂದವನೇ ಮೂಲೆಯ ಫೋನಿನಿಂದ ಸ್ತನರೋಗದ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ಎಲ್ಲಿ ಏನಾಗಿದೆ ಎಂದು ಹಿಂದಿಯಲ್ಲಿ ಹೇಳಿದ.

"ಮೇಡಂ ಹೆಸರು?" ಎಂದಳು ಆಚೆಯ ಹುಡುಗಿ.

ಮೇಡಂ ಅಲ್ಲ, ನಾನೇ ಎನ್ನಲು ನಾಚಿಕೆಯಾಯಿತು. "ದೇವಕಿ" ಎಂದುಬಿಟ್ಟ.

ಪಕ್ಕದ ಮೇಜಿನಲ್ಲಿದ್ದ ದಕ್ಷಿಣಾಮೂರ್ತಿಯ ಪೆನ್ನು ನಿಂತಿತು. ಅವನೂ ಕನ್ನಡದವನೇ. ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಚಂದ್ರಮೋಹನನ ಕೆಳಗಿನ ಮನೆಯಲ್ಲೇ ಇದ್ದ. ಒಳ್ಳೆಯ ಮನುಷ್ಯ. ಆದರೆ ಅವನ ಕಿವಿಗೆ ಬಿದ್ದ ಸುದ್ದಿ ಹೆಂಡತಿ ರತ್ನಾಗೆ ತಲುಪದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವತ್ತು ಅವನು ಮನೆಗೆ ಫೋನ್ ಮಾಡಿ ಹೊಟ್ಟೆತುಂಬ ಉಂಡ.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಸಾಲಾಗಿ ಕೂತ ಹೆಂಗಸರ ನಡುವೆ ಚಂದ್ರಮೋಹನ ಮದುವೆಮನೆಯಲ್ಲಿ ದಾರಿ ತಪ್ಪಿ ಹೆಣ್ಣಿನ ಕೋಣೆಗೆ ನುಗ್ಗಿದವನಂತೆ ಕೂತಿದ್ದ.

"ದೇವಕಿ ಜೀ" ಎಂದು ಕರೆದರು. ಎದ್ದ.

"ಭಾಯ್ ಸಾಬ್, ಪೇಷಂಟನ್ನ ಕಳಿಸಿ" ಎಂದಳು ನರ್ಸ್.

"ಬಂದಿದ್ದಾರೆ."

"ಎಲ್ಲಿ?"

ಚಂದ್ರಮೋಹನ ತಲೆ ತಗ್ಗಿಸಿ ತನ್ನ ಎದೆಯನ್ನು ತೋರಿಸಿದ. ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟುಕೊಂಡಿತು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. ಬೆಳಕು ಬಿಟ್ಟು ನೋಡಿದರು, ಒತ್ತಿದರು, ಕಂಕುಳವನ್ನೂ ತಡವಿದರು. "ದಾದ್ ಹೈ" ಎಂದರು. ನಮ್ಮ ಹುಳುಕಡ್ಡಿ. "ಗಂಟೇನೂ ಇಲ್ಲ. ಬಂದು ತೋರಿಸಿದ್ದು ಒಳ್ಳೇದಾಯ್ತು, ಗಂಡಸರು ಬರೋದೇ ಇಲ್ಲ. ಈ ಮುಲಾಮು ಹಚ್ಚಿ. ವಾಸಿಯಾಗದಿದ್ದರೆ ಮತ್ತೆ ಬನ್ನಿ."

ಹುಳುಕಡ್ಡಿ ಬಂದದ್ದಕ್ಕೆ ದಿಲ್ಲಿಯಲ್ಲಿ ಅಷ್ಟು ಖುಷಿಪಟ್ಟವನು ಅವನೊಬ್ಬನೇ ಇರಬೇಕು. ದಾರಿಯಲ್ಲಿ ಮುಲಾಮು ಕೊಂಡು ಜೇಬಿಗಿಳಿಸಿ, ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದ.

ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ದೇವಕಿ ಸೋಫಾದ ನಡುವೆ ಕೂತಿದ್ದಳು. ಒಂದು ಪಕ್ಕ ರತ್ನಾ ಕೈ ಹಿಡಿದಿದ್ದಳು, ಇನ್ನೊಂದು ಪಕ್ಕ ಮೇಲಿನ ಮನೆಯ ಶಾರದಮ್ಮ ಬೆನ್ನು ಸವರುತ್ತಿದ್ದರು.

ಜಿಲೇಬಿಯ ಪೊಟ್ಟಣ ನೋಡಿ ಶಾರದಮ್ಮ ನೊಂದುಕೊಂಡರು. "ಇಂಥಾ ಹೊತ್ತಲ್ಲಿ ಸ್ವೀಟೇನಪ್ಪ? ಅವಳಿಗೆ ಗಂಜಿ ಮಾಡ್ಕೊಡು."

ವಿಷಯ ತಿಳಿಯಲು ಚಂದ್ರಮೋಹನನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅವಳಿಗಲ್ಲಮ್ಮ, ಆಗಿರೋದು ನನಗೆ" ಎಂದ.

ರತ್ನಾ ಕಣ್ಣೊರೆಸಿಕೊಂಡಳು. "ನೋಡಿ, ಹೆಂಡತಿ ಹೆದರಬಾರದು ಅಂತ ತನ್ನ ಮೇಲೇ ಹಾಕ್ಕೋತಿದ್ದಾರೆ. ನಮ್ಮನೆಯವರೂ ಇದ್ದಾರೆ."

ಬೇರೆ ದಾರಿ ಕಾಣದೆ ಚಂದ್ರಮೋಹನ ಅಂಗಿಯ ಗುಂಡಿಗೆ ಕೈ ಹಾಕಿದ. ಎರಡನೆಯ ಗುಂಡಿ ಬಿಚ್ಚುವಷ್ಟರಲ್ಲಿ ಹೆಂಗಸರು ಮುಖ ತಿರುಗಿಸಿದರು. ಮೂರನೆಯದಕ್ಕೆ ಹೊಸಿಲು ದಾಟಿದ್ದರು.

ದೇವಕಿ ಬಾಗಿಲು ಹಾಕಿ ಬಂದಳು. ಕಣ್ಣಲ್ಲಿ ನೀರಿಲ್ಲ, ಬೆಂಕಿ ಇತ್ತು.

"ನಂದು ನಿಮಗೆ ಹೇಗೆ ಗೊತ್ತಾಯ್ತು?"

"ನಿಂದೇನು?"

ಅವಳು ಅವನ ಎದೆಯನ್ನು ನೋಡಿದಳು. ಬೀರು ತೆಗೆದು ಸೀರೆಗಳ ಕೆಳಗಿನಿಂದ ಮುಲಾಮಿನ ಟ್ಯೂಬೊಂದನ್ನು ತಂದಳು. ಅವನ ಜೇಬಿನಲ್ಲಿದ್ದ ಮುಲಾಮೇ, ಆದರೆ ಅರ್ಧ ಖಾಲಿಯಾಗಿತ್ತು.

"ಹೋದ ತಿಂಗಳು ನನಗೂ ಅಲ್ಲೇ ಆಗಿತ್ತು. ಒಬ್ಬಳೇ ಹೋಗಿ ತೋರಿಸ್ಕೊಂಡು ಬಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಇಡೀ ಕ್ವಾರ್ಟರ್ಸಿಗೆ ಗೊತ್ತಾಗೋ ಹಾಗೆ ಹೆದರ್ತೀರಿ ಅಂತ. ಇದು ಅಂಟುತ್ತೆ. ನನ್ನ ಟವೆಲ್ ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ?"

ಕ್ಲಿನಿಕ್ಕಿನ ಆ ಸಾಲಿನಲ್ಲಿ ಅವಳೂ ಒಬ್ಬಳೇ ಕೂತಿದ್ದಿರಬೇಕು. "ತುಂಬ ಹೆದರಿದ್ಯಾ?" ಎಂದ.

"ಮತ್ತಿನ್ನೇನು" ಎಂದು ಅವಳು ಜಿಲೇಬಿ ಮುರಿದು ಅವನಿಗೂ ಕೊಟ್ಟಳು. "ನಾಳೆ ಎಲ್ಲರಿಗೂ ಹೇಳ್ಬಿಡಿ, ಕಾಯಿಲೆ ನಿಮ್ಮದು, ಹುಳುಕಡ್ಡಿ ಅಂತ. ನನ್ನ ಸುದ್ದಿ ಬರಕೂಡದು."

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ, ಅವನು ಹಾಗೆಯೇ ಹೇಳಿದ. ದಕ್ಷಿಣಾಮೂರ್ತಿ ಅವನ ಕೈ ಕುಲುಕಿ ಸಂತೋಷಪಟ್ಟ. ನಂತರ ಆ ಕೈಯನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತ ಬಸ್ಸಿನ ಹಿಂದಕ್ಕೆ ಹೋಗಿ ನಿಂತ. ಅಕ್ಕಪಕ್ಕ ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದರು. ಸೆಕ್ರೆಟೇರಿಯಟ್ ಬರುವವರೆಗೆ ಬಸ್ಸಿನ ಅರ್ಧ ಜನ ನಿಂತೇ ಇದ್ದರು, ಚಂದ್ರಮೋಹನನ ಸುತ್ತಲಿನ ಸೀಟುಗಳೆಲ್ಲ ಖಾಲಿ ಇದ್ದವು.